ಗಟ್ಟಿ ಎಣ್ಣೆ ಬೇಡ

...ಅದಲ್ಲಪ್ಪ, ಅದಲ್ಲ! ಆ ಡಬ್ಬಿ ಕೆಳಗಿಡು. ಗಟ್ಟಿ ಎಣ್ಣೆ ಬೇಡ ಅಂತ ಕಾರಿಂದ ಇಳೀತಾನೇ ಹೇಳಿದೆನಲ್ಲ! ತೆಳು ಎಣ್ಣೆ ಕೊಡು. ನಿನ್ನ ಗ್ಯಾರೇಜಲ್ಲಿ ಇರೋದರಲ್ಲೆಲ್ಲ ತೆಳುವಾದದ್ದು ಯಾವುದೋ, ಅದು. ಸುರಿದರೆ ನೀರಿನ ಹಾಗೆ ಹರೀಬೇಕು. ಅಂಥದ್ದು.

ಏನು? ಇರು, ಇರು. ಮೂಗಿಗೆ ಕಟ್ಟಿಕೊಂಡಿರೋ ಆ ಬಟ್ಟೆ ಮೊದಲು ಬಿಚ್ಚು. ಧೂಳಂತೆ ಧೂಳು! ಗ್ಯಾರೇಜಲ್ಲಿ ಧೂಳಲ್ಲದೆ ಹೂವು ಉದುರುತ್ತಾ? ಬಿಚ್ಚಪ್ಪ, ಮನುಷ್ಯರ ಹತ್ತಿರ ಮಾತಾಡುವಾಗ ಮುಖ ಕಾಣಬೇಕು. ಹಾಂ, ಹಾಗೆ. ಇನ್ನು ಈ ಕಡೆ ಬೆಳಕಿಗೆ ಬಾ. ಯಾಕೆ ಅಂದ್ರೆ... ಡಬ್ಬಿ ಮೇಲೆ ಬರೆದಿರೋದು ಓದಬೇಕಲ್ಲ, ಅದಕ್ಕೆ. ಈಗ ಹೇಳು.

ಅಯ್ಯೋ, ಈ ಮೀಸೆ ಒಂದು! ಯಾವಾಗಿಂದ ಹೀಗೆ ಪೊದೆ ಬೆಳೆಸಿದೀಯ? ಮೇಲಿನ ತುಟಿನೇ ಕಾಣಲ್ಲ. ಕತ್ತರಿಸು, ನಿನಗದು ಒಪ್ಪಲ್ಲ. ನಗಬೇಡ! ನಗೋದು ಮಾತ್ರ ಚೆನ್ನಾಗಿ ಕಾಣುತ್ತೆ ನೋಡು, ಅದಕ್ಕೆ ಮೀಸೆ ಅಡ್ಡ ಬರಲ್ಲ.

ಸ್ವಲ್ಪ ಗಟ್ಟಿಯಾಗಿ ಮಾತಾಡು. ಪಕ್ಕದ ತಗಡಿನ ಅಂಗಡಿಯವನು ಬಡೀತಾನೇ ಇದಾನೆ, ಠಣ್ ಠಣ್ ಠಣ್ ಅಂತ... ತಲೆಯೊಳಗೇ ಕೂತು ಬಡಿದ ಹಾಗೆ. ಅದರ ಮಧ್ಯೆ ನೀನು ಗುಸುಗುಸು ಅಂದ್ರೆ ಯಾರಿಗೆ ತಿಳಿಯುತ್ತೆ? ಎಣ್ಣೆ ತೆಳು ಇರಬೇಕು, ಮಾತು ಗಟ್ಟಿ ಇರಬೇಕು. ನಿನ್ನ ಹತ್ತಿರ ಎರಡೂ ತಿರುವುಮುರುವು!

ಗೊತ್ತು, ಗೊತ್ತು. ನೀನೇನು ಹೇಳ್ತೀಯ ಅಂತ ನನಗೆ ಗೊತ್ತು. ಹೋದ ಸಲ ಅದನ್ನೇ ಹೇಳಿದ್ದೆ. ಹಳೇ ಇಂಜಿನ್ನು, ಒಳಗೆಲ್ಲ ಸವೆದಿದೆ, ಸವೆದ ಕಡೆ ಸಂದು ಬಿಟ್ಟಿದೆ, ತೆಳು ಎಣ್ಣೆ ಹಾಕಿದರೆ ಸಂದಿನಲ್ಲಿ ಜಾರಿ ಹೋಗುತ್ತೆ, ಗಟ್ಟಿ ಎಣ್ಣೆ ಆದರೆ ಸಂದು ತುಂಬಿಕೊಂಡು ನಿಲ್ಲುತ್ತೆ. ಇದೇ ತಾನೇ? ನಾನೇನು ಮರೆತಿಲ್ಲ. ಡಬ್ಬಿ ಮೇಲೆ ಎರಡು ಅಂಕಿ ಇರುತ್ತೆ, ಮೊದಲನೇದು ತಣ್ಣಗಿದ್ದಾಗ ಎಣ್ಣೆ ಎಷ್ಟು ಬೇಗ ಹರಿಯುತ್ತೆ ಅನ್ನೋದಕ್ಕೆ, ಎರಡನೇದು ಕಾದಮೇಲೆ ಎಷ್ಟು ಗಟ್ಟಿ ಉಳಿಯುತ್ತೆ ಅನ್ನೋದಕ್ಕೆ. ನೋಡು, ಪಾಠ ಒಪ್ಪಿಸಿದೆ! ಹೋದ ಸಲ ನೀನು ಹಾಕಿದ್ದು ಇಪ್ಪತ್ತು-ಐವತ್ತು. ನಾನೀಗ ಕೇಳ್ತಿರೋದು ಐದು-ಮೂವತ್ತು. ಅಷ್ಟೇ ವ್ಯತ್ಯಾಸ.

ಅಷ್ಟೇನಾ ಅಂತ ಹುಬ್ಬು ಹಾರಿಸಬೇಡ.

ಸರಿ, ಬಿಡಿಸಿ ಹೇಳ್ತೀನಿ ಕೇಳು. ನನಗೆ ಎಲ್ಲಾನೂ ಬಿಡಿಸಿ ಹೇಳೋ ಅಭ್ಯಾಸ ಅಂತ ಊರಿಗೇ ಗೊತ್ತು. ಕಾರು ಕಲಿಸೋರಿಗೆ ಅದು ಬಂದುಬಿಡುತ್ತೆ. ಬ್ರೇಕು ಒತ್ತು ಅಂದ್ರೆ ಸಾಲದು, ಯಾವ ಕಾಲಿಂದ, ಎಷ್ಟು, ಯಾಕೆ, ಎಲ್ಲ ಹೇಳಬೇಕು. ಹೇಳದೆ ಬಿಟ್ಟರೆ ನಿನ್ನ ಹಾಗೆ ಮೊದಲನೇ ದಿನವೇ ಸೀದಾ ಚರಂಡಿಗೆ! ಹ್ಹ ಹ್ಹ! ನೀನು ಊರಿಗೆಲ್ಲ ದೊಡ್ಡ ಮೆಕ್ಯಾನಿಕ್ಕು ಆಗಿರಬಹುದು, ನನಗೆ ನೀನು ಇವತ್ತಿಗೂ ಚರಂಡಿನೇ. ಬೇಜಾರು ಮಾಡ್ಕೋಬೇಡ. ನೀವೆಲ್ಲ ನನ್ನ ಬೆನ್ನ ಹಿಂದೆ ಕ್ಲಚ್ಚಕ್ಕ, ಕ್ಲಚ್ಚಕ್ಕ ಅಂತೀರಲ್ಲ, ನಾನೇನು ಬೇಜಾರು ಮಾಡ್ಕೊಂಡಿದೀನಾ? ಬೆನ್ನ ಹಿಂದೆ ಅಂದದ್ದು ಈಗ... ಈಗ ಯಾರೂ ಅನ್ನಲ್ಲವೇನೋ. ಇರಲಿ.

ವಿಷಯಕ್ಕೆ ಬರ್ತೀನಿ. ನೀನು ಆ ಗಟ್ಟಿ ಎಣ್ಣೆ ಹಾಕಿದಾಗಿನಿಂದ ನನ್ನ ಇಂಜಿನ್ನು ಮೂಗಿಯಾಗಿದೆ. ಮಾತೇ ಆಡಲ್ಲ!

ಯಾಕೆ ನಗ್ತೀಯ? ತಮಾಷೆ ಅಲ್ಲ ಇದು. ಹೊಸ ಕಾರಿನೋರು ಸದ್ದಿರಬಾರದು ಅಂತಾರೆ, ನನಗೆ ಗೊತ್ತು. ಅವರಿಗೆ ಒಳಗೆ ಕೂತು ಹಾಡು ಕೇಳಬೇಕು. ನನ್ನದು ಕಲಿಸೋ ಕಾರು. ಕಲಿಸೋ ಕಾರಿನ ಇಂಜಿನ್ನು ಮಾತಾಡಲೇಬೇಕು. ನಿನಗೆ ನಾನು ಏನು ಹೇಳಿಕೊಟ್ಟಿದ್ದೆ, ನೆನಪಿದೆಯಾ? ಗೇರು ಬದಲಾಯಿಸೋದಕ್ಕೆ ಮೀಟರ್ ನೋಡಬೇಡ, ಕೋಲು ನೋಡಬೇಡ, ನನ್ನ ಮುಖವಂತೂ ನೋಡಲೇಬೇಡ. ಇಂಜಿನ್ನು ತಾನಾಗಿ ಕೇಳುತ್ತೆ. "ನನಗೆ ಎರಡನೇ ಗೇರು ಕೊಡು, ಮೂರನೇದು ಕೊಡು" ಅಂತ ಬಾಯಿಬಿಟ್ಟು ಕೇಳುತ್ತೆ. ಅದು ಕೇಳೋದು ನಿನಗೆ ಕೇಳಬೇಕು, ಅಷ್ಟೇ ಡ್ರೈವಿಂಗು. ಇದೇ ತಾನೇ ನಾನು ಹೇಳಿದ್ದು? ಈ ಊರಲ್ಲಿ ಕಾರು ಓಡಿಸೋ ಅರ್ಧ ಜನಕ್ಕೆ ಇದನ್ನೇ ಹೇಳಿದೀನಿ.

ಈಗ ಅದು ಕೇಳೋದೇ ಇಲ್ಲ. ಎಣ್ಣೆ ಕುಡಿದು ಬಾಯಿ ಅಂಟಿಕೊಂಡಿದೆ. ಪಕ್ಕದ ಸೀಟಲ್ಲಿ ಕೂತ ನಾನು ಯಾವಾಗ ಅಂತ "ಕ್ಲಚ್ಚು!" ಅನ್ನಲಿ? ಹುಡುಗಿ ಎರಡನೇ ಗೇರಲ್ಲಿ ಇಂಜಿನ್ನು ಹರಿದು ಹೋಗೋ ಹಾಗೆ ಓಡಿಸ್ತಾ ಇದ್ದರೂ ನಾನು ಆರಾಮಾಗಿ ಕಿಟಕಿ ಆಚೆ ನೋಡ್ತಾ ಕೂತಿರ್ತೀನಿ. ಮೊನ್ನೆ ಹಾಗೇ ಆಯ್ತು...

ಏನಿಲ್ಲ. ಮೊನ್ನೆ ಏನೂ ಆಗಲಿಲ್ಲ.

ನೀನೇನು ಕೇಳಿದೀಯ? ಯಾರು ಹೇಳಿದ್ದು? ಹೊಲಿಗೆ ಅಂಗಡಿಯವರ ಸೊಸೆನಾ? ಬಂದಿದ್ದಳಾ ಇಲ್ಲಿಗೆ?

ಹಾಗಿದ್ದರೆ ನನ್ನ ಬಾಯಿಂದಲೇ ಕೇಳು, ಅವಳು ಒಂದಕ್ಕೆ ಹತ್ತು ಸೇರಿಸಿರ್ತಾಳೆ. ನಡೆದದ್ದು ಇಷ್ಟು. ಅವಳು ಓಡಿಸ್ತಿದ್ದಳು, ನಾನು ಪಕ್ಕದಲ್ಲಿದ್ದೆ. ದೊಡ್ಡ ಸೇತುವೆ ದಾಟಿ ಬಲಕ್ಕೆ ತಿರುಗಬೇಕು. ಕನ್ನಡಿ ನೋಡು ಅಂದೆ. ನೋಡಿದಳು. ತಿರುಗು ಅಂದೆ. ತಿರುಗಿಸದೆ, ನಡುರಸ್ತೇಲಿ, ಧಡಕ್ಕಂತ ಬ್ರೇಕು! ನಾನು ಬೈದೆ. ಯಾರೇ ಆದರೂ ಬೈತಿದ್ದರು. "ರಸ್ತೆ ಖಾಲಿ ಇದೆ, ಯಾಕೆ ನಿಲ್ಲಿಸಿದೆ, ಒತ್ತು ಆಕ್ಸಿಲರೇಟರ್ರು" ಅಂದೆ. ಅವಳು ಸ್ಟೀರಿಂಗು ಬಿಟ್ಟು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ಆಮೇಲೆ ನಮ್ಮ ಬಲಗಡೆಯಿಂದ ಲಾರಿ ಹೋಯ್ತು. ಆ ಕಡೆ ಕನ್ನಡಿಗೂ ಅದಕ್ಕೂ... ಸ್ವಲ್ಪ ಜಾಗ ಇತ್ತು. ಇತ್ತು ಅನ್ನು. ಅವನು ಹಾರನ್ನು ಹೊಡೀಬೇಕಿತ್ತು ತಾನೇ? ಹಾರನ್ನೇ ಹೊಡೆಯದೆ ಹಿಂದಿನಿಂದ ಬಂದರೆ...

ಹೊಡೆದನಂತಾ?

ಸೇತುವೆಯ ಆ ತುದಿಯಿಂದ ಹೊಡ್ಕೊಂಡೇ ಬಂದ ಅಂತ ಹೇಳಿದಳಾ? ಹೇಳ್ತಾಳೆ, ಯಾಕೆ ಹೇಳಲ್ಲ. ಕಾರು ಅಲ್ಲೇ ನಿಲ್ಲಿಸಿ ಇಳಿದು ನಡ್ಕೊಂಡು ಹೋದವಳು, ಹೇಳಿಕೊಳ್ಳೋಕೆ ಏನಾದರೂ ಕಾರಣ ಬೇಕಲ್ಲ.

ನೋಡು, ಇದೂ ಎಣ್ಣೆಯಿಂದಲೇ. ಹೇಗೆ ಅಂತ ಹೇಳ್ತೀನಿ. ಇಂಜಿನ್ನು ಸದ್ದು ಮಾಡ್ತಿದ್ದರೆ ನನ್ನ ಗಮನ ಸದ್ದಿನ ಮೇಲೆ ಇರುತ್ತೆ. ಗಮನ ಸದ್ದಿನ ಮೇಲೆ ಇದ್ದರೆ ಆಚೆ ಸದ್ದೂ ಅದರ ಜೊತೆ ಬರುತ್ತೆ. ಒಂದು ಎಳೆ ಹಿಡಿದು ಎಳೆದರೆ ಬಟ್ಟೆಯೆಲ್ಲ ಬರುತ್ತಲ್ಲ, ಹಾಗೆ. ಈಗ ಆ ಮೊದಲನೇ ಎಳೆನೇ ಸಿಗ್ತಿಲ್ಲ. ಅದಕ್ಕೆ ತೆಳು ಎಣ್ಣೆ ಹಾಕು ಅಂತಿರೋದು. ಒಳಗಿನ ಕಬ್ಬಿಣ ಸ್ವಲ್ಪ ಟಕಟಕ ಅನ್ನಲಿ. ಹೋದ ವರ್ಷ ಅನ್ನುತ್ತಿತ್ತಲ್ಲ? ನೀನೇ ಅಂದಿದ್ದೆ, "ಅಕ್ಕ, ನಿಮ್ಮ ಕಾರು ಬರೋದು ಮೂರನೇ ಬೀದಿಯಿಂದಲೇ ಗೊತ್ತಾಗುತ್ತೆ, ಹೊಲಿಗೆ ಮಿಷನ್ನು ಓಡಿ ಬಂದ ಹಾಗಿರುತ್ತೆ" ಅಂತ. ಎಷ್ಟು ಚೆನ್ನಾಗಿತ್ತು! ಅದು ಬೇಕು ನನಗೆ. ಆ ಹೊಲಿಗೆ ಮಿಷನ್ನು.

ಏನು, ಬೇರೆ? ಬೇರೆ ಏನು? ಬೇರೆಯವರ ಹತ್ತಿರ ಹೋಗಬೇಕಾ?

ಓ, ಬೇರಿಂಗಾ! ಬೇರಿಂಗು ಹೋಗುತ್ತೆ ಅಂದೆಯಾ? ಬಾಯಿ ಪೂರ್ತಿ ತೆಗೆದು ಹೇಳಪ್ಪ. ಆ ತಗಡಿನವನ ಗಲಾಟೆಯಲ್ಲಿ ಅರ್ಧ ಮಾತು ಬರ್ತಿದೆ, ಅರ್ಧ ಹಾರಿ ಹೋಗ್ತಿದೆ. ಹೋಗಲಿ ಬಿಡು ಬೇರಿಂಗು. ನನಗೆ ಎಷ್ಟು ದಿನ ಬೇಕು? ಈ ಕಾರು ಇನ್ನೆಷ್ಟು ಓಡಬೇಕು? ಮೀಟರ್ರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾಗಿ ಯಾವ ಕಾಲ ಆಯ್ತು. ಅದರಲ್ಲಿ ಅರ್ಧಕ್ಕರ್ಧ ಮೊದಲನೇ ಗೇರಲ್ಲೇ ಓಡಿದ್ದು. ಪಾಪ, ಇದರಷ್ಟು ಒದೆ ತಿಂದ ಕ್ಲಚ್ಚು ಬೇರೆ ಯಾವ ಕಾರಲ್ಲೂ ಇರಲಿಕ್ಕಿಲ್ಲ.

ಕೆಂಪು ದೀಪ ಹತ್ತುತ್ತೆ ಅಂತೀಯ, ಹತ್ತಲಿ. ಎಣ್ಣೆ ಒತ್ತಡ ಕಡಿಮೆ ಆದರೆ ಹತ್ತೋ ದೀಪ ತಾನೇ? ದೀಪ ಹತ್ತಿದರೆ ನನಗೆ ಕಾಣುತ್ತೆ. ಕಣ್ಣಿಗೆ ಏನೂ ಆಗಿಲ್ಲ ನನಗೆ. ಪರೀಕ್ಷೆ ಮಾಡಿಸಿಕೊಂಡು ಬಂದೆ ಕಣಪ್ಪ. ಗೋಡೆ ಮೇಲಿನ ಅಕ್ಷರ, ಕಟ್ಟಕಡೇ ಸಾಲು, ಇರುವೆ ಸಾಲಿನ ಹಾಗಿರುತ್ತಲ್ಲ, ಅದನ್ನೂ ಗಡಗಡ ಓದಿದೆ. ಆ ಕಿವಿ ಡಾಕ್ಟರು ಮಾತ್ರ...

ಕಣ್ಣಿನ ಡಾಕ್ಟರು ಅಂದೆ. ಕಣ್ಣಿನ ಡಾಕ್ಟರು. ಕಣ್ಣು ಪರೀಕ್ಷೆ ಮಾಡೋದು ಕಣ್ಣಿನ ಡಾಕ್ಟರಲ್ಲದೆ ಇನ್ಯಾರು?

ಯಾಕಪ್ಪ ಹಾಗೆ ನೋಡ್ತೀಯ? ಕೆಲಸ ಮಾಡು ನೀನು. ಬಾನೆಟ್ಟು ಎತ್ತು. ಎಣ್ಣೆ ಕಡ್ಡಿ ಎಳೆದು ನೀನೇ ನೋಡು, ಆಗ ಗೊತ್ತಾಗುತ್ತೆ... ಹಾಂ, ಒರೆಸಿ ಇನ್ನೊಂದು ಸಲ ಅದ್ದು. ಅದನ್ನೂ ನಾನೇ ಹೇಳಬೇಕಾ? ಹೇಗಿದೆ? ಬೆರಳ ಮಧ್ಯೆ ತಿಕ್ಕಿ ನೋಡು. ಅಂಟು ಅಂಟು ಇದೆ ತಾನೇ? ಬೆಲ್ಲದ ಪಾಕದ ಹಾಗೆ ಇದೆ ತಾನೇ?

ಇಲ್ವಾ?

ತಲೆ ಅಲ್ಲಾಡಿಸಿದ್ದು ಯಾವುದಕ್ಕೆ? ಇಲ್ಲ ಅಂತಾನಾ, ಸರಿಯಾಗಿದೆ ಅಂತಾನಾ? ಎರಡೂ ಒಂದೇ ಅಂತೀಯ. ಎಣ್ಣೆ ಸರಿಯಾಗೇ ಇದೆ ಅಂತೀಯ. ನಿನ್ನ ಬೆರಳಿಗೆ ಏನು ಗೊತ್ತಾಗುತ್ತೆ, ದಿನವೆಲ್ಲ ಗ್ರೀಸಲ್ಲಿ ಮುಳುಗಿರೋ ಬೆರಳು! ಮುಚ್ಚು, ಮುಚ್ಚು ಬಾನೆಟ್ಟು. ಅಗೋ ಚಹಾದ ಹುಡುಗ ಬಂದ. ಇವನದ್ದು ಇಡಪ್ಪ ಬಾನೆಟ್ಟಿನ ಮೇಲೇ. ನನ್ನದು ಇಲ್ಲಿ ಕೊಡು. ಹಾಂ... ಬಿಸಿ ಇದೆ.

ಕಾಲು ಯಾಕೆ ನೋಡ್ತಿದೀಯ? ಚಪ್ಪಲಿನಾ? ಚಪ್ಪಲಿ ಕಾರಲ್ಲಿದೆ. ಈಗ ಬರಿಗಾಲಲ್ಲೇ ಕೂರ್ತೀನಿ. ಅಂಗಾಲು ಉರಿ ನನಗೆ, ಅದಕ್ಕೆ. ಬೇರೇನಿಲ್ಲ. ಕಾಲು ಕಾರಿನ ತಳಕ್ಕೆ ತಾಗಿದರೆ ಇಂಜಿನ್ನು ಎಷ್ಟು ವೇಗವಾಗಿ ತಿರುಗ್ತಿದೆ ಅಂತ ಅಂಗಾಲಿಗೆ ಒಂಥರಾ ಗೊತ್ತಾಗುತ್ತೆ, ಅದೊಂದು ಉಪಯೋಗ. ಬಲಗೈ ಡ್ಯಾಶ್‌ಬೋರ್ಡಿನ ಮೇಲೆ, ಕಾಲು ನೆಲಕ್ಕೆ. ನಿನ್ನ ಮಗಳೂ ಕೇಳಿದಳು, "ಯಾಕೆ ಮೇಡಂ ಯಾವಾಗಲೂ ಅಲ್ಲಿ ಕೈ ಇಟ್ಟುಕೊಂಡೇ ಇರ್ತೀರ, ಜ್ವರ ನೋಡೋ ಹಾಗೆ" ಅಂತ. ಚೂಟಿ ಕಣಪ್ಪ ಅವಳು! ನಿನ್ನ ಹಾಗಲ್ಲ. ಮೈದಾನದಲ್ಲಿ ಕಲ್ಲುಗಳ ಮಧ್ಯೆ ಎಂಟರ ಆಕಾರ ಹಾಕಿದಳು ನೋಡು, ಒಂದು ಕಲ್ಲೂ ಬೀಳಿಸಲಿಲ್ಲ. ನನ್ನ ಕಾಲು ನನ್ನ ಕಡೆ ಬ್ರೇಕಿನ ಮೇಲೆ ಸುಮ್ಮನೆ ನಿದ್ದೆ ಮಾಡ್ತಿತ್ತು. ಅವಳಿಗಿನ್ನೂ ಅಡ್ಡಹೆಸರು ಇಟ್ಟಿಲ್ಲ ನಾನು. ಹೆಸರಿಡೋಕೆ ಒಂದು ತಪ್ಪಾದರೂ ಮಾಡಬೇಕಲ್ಲ!

ಅದಕ್ಕೇ ನಾನು ಇವತ್ತೇ ಬಂದದ್ದು. ನಾಳೆ ಬೆಳಿಗ್ಗೆ ಅವಳನ್ನ ಮೊದಲನೇ ಸಲ ದೊಡ್ಡ ರಸ್ತೆಗೆ ಕರ್ಕೊಂಡು ಹೋಗಬೇಕು. ಸೇತುವೆ ಕಡೆಗೇ. ಅಷ್ಟರಲ್ಲಿ ಇಂಜಿನ್ನು ಬಾಯಿ ಬಿಡಬೇಕು. ನಿನ್ನ ಮಗಳ ಸಲುವಾಗಿ ತಾನೇ ನಾನು ಇಷ್ಟು ಬಡ್ಕೋತಿರೋದು! ನನ್ನ ಸಲುವಾಗಿ ಅಂದ್ಕೊಂಡೆಯಾ?

ಡಬ್ಬಿ ಆಮೇಲೆ ಒರೆಸು. ಏನಾದರೂ ಅನ್ನು.

ಇನ್ನೊಂದು ವಿಷಯ, ಬಂದಾಗಲೇ ಹೇಳಬೇಕು ಅಂದ್ಕೊಂಡಿದ್ದೆ. ಆ ಇಂಡಿಕೇಟರ್ರೂ ಕೆಟ್ಟಿದೆ. ಹಾಕಿದರೆ ಟಿಕ್ ಟಿಕ್ ಅನ್ನಲ್ಲ. ಮೊನ್ನೆ ಮಾರ್ಕೆಟ್ಟಿಂದ ಮನೆವರೆಗೂ ಎಡಕ್ಕೆ ತಿರುಗ್ತೀನಿ, ತಿರುಗ್ತೀನಿ ಅಂತ ಮಿನುಗಿಸ್ಕೊಂಡೇ ಹೋಗಿದೀನಿ. ಎಲ್ಲೂ ತಿರುಗಲಿಲ್ಲ! ಹಿಂದೆ ಬಂದವರು ಏನಂದ್ಕೊಂಡರೋ. ಹಾರನ್ನೂ ನೋಡು. ನೀನು ಎರಡು ಸಲ ಬದಲಾಯಿಸಿದೆ, ಎರಡೂ ಸಲ ದುಡ್ಡು ದಂಡ. ಒತ್ತಿದರೆ ಕುರಿಮರಿ ಅಂದ ಹಾಗೆ ಅನ್ನುತ್ತೆ.

ಏನು? ಏನಂದೆ? ರಸ್ತೇಲಿದ್ದ ಜನ ಎಗರಿ ಬೀಳ್ತಾರಾ? ಲಾರಿಗೆ ಹಾಕೋ ಹಾರನ್ನಾ ಅದು?

ನೀನು ಹಾಕಿದ್ದು ಲಾರಿ ಹಾರನ್ನಾ, ನನ್ನ ಕಾರಿಗೆ?

...ನಾನೇ ಕೇಳಿದೆನಾ. ಇರಬಹುದು. ಕೇಳಿರಬಹುದು.

ಒಂದೊಂದೇ ಹೇಗೆ ಕೆಡುತ್ತೆ ನೋಡು. ಇಂಜಿನ್ನು ಹೋಯ್ತು, ಇಂಡಿಕೇಟರ್ರು ಹೋಯ್ತು, ಹಾರನ್ನು ಹೋಯ್ತು. ಮನೇಲೂ ಹಾಗೇ. ಕರೆಗಂಟೆ ಕೆಟ್ಟಿದೆ. ಕುಕ್ಕರ್ರು ಸೀಟಿ ಹಾಕೋದು ಬಿಟ್ಟಿದೆ, ಎರಡು ದಿನ ತಳ ಹತ್ತಿ ಹೊಗೆ ಬಂದ ಮೇಲೆ ಗೊತ್ತಾಯ್ತು. ನನ್ನ ತಂಗಿ ಇದಾಳಲ್ಲ, ಮಹಡಿ ಮೇಲೆ ಇರೋಳು, ಅವಳು ಇಳಿದು ಬಂದು ನನ್ನ ಟಿವಿ ಆರಿಸಿ ಹೋಗ್ತಾಳೆ. ಬೀದಿಗೆಲ್ಲ ವಾರ್ತೆ ಓದಿ ಹೇಳ್ತೀಯಾ ಅಕ್ಕ ಅಂತಾಳೆ. ನಾನು ಅವಳಿಗೆ ಹೇಳಿದೆ, ಟಿವಿನೂ ಹಳೇದು ಕಣೇ ಅಂತ. ಎಲ್ಲ ಹಳೇದಾಯ್ತು. ಎಲ್ಲಕ್ಕೂ ಸರಿಯಾದ ಎಣ್ಣೆ ಬೇಕು!

ನಗು ಬರಲಿಲ್ವಾ? ಮೊದಲೆಲ್ಲ ನಗ್ತಿದ್ದೆ ನೀನು.

ಅಬ್ಬಾ, ಆ ತಗಡಿನವನಿಗೆ ಒಂದು ಮಾತು ಹೇಳಪ್ಪ, ಐದು ನಿಮಿಷ ಸುತ್ತಿಗೆ ಕೆಳಗಿಡಲಿ. ಎಷ್ಟು ಹೊತ್ತು ಬಡೀತಾನೆ! ಠಣ್ ಠಣ್ ಠಣ್... ಹೋಗಿ ಹೇಳು. ಹೇಳ್ತೀಯಾ, ನಾನೇ ಹೋಗಲಾ?

ಯಾಕೆ ಕೈ ಅಡ್ಡ ಹಿಡೀತೀಯ?

ಏನು ಮುಚ್ಚಿದೆ? ಅಂಗಡಿನಾ? ...ಎಲ್ಲಿ, ಸರಿ ನೋಡೋಣ. ಹೌದಲ್ಲ. ಬಾಗಿಲು ಎಳೆದಿದೆ. ಬೀಗ ಹಾಕಿದೆ. ಇವತ್ತು ತೆಗೆದೇ ಇಲ್ವಾ? ಈ ವಾರವೆಲ್ಲ ಇಲ್ವಾ? ಅವನ ಅಣ್ಣನ ಮನೆಗೆ ಹೋಗಿದಾನಾ...

ಹಾಗಾದರೆ ಇದು ಏನು ಸದ್ದು?

ಹಿಂದಿನ ಬೀದೀಲಿ ಯಾರೋ ಬಡೀತಿರಬೇಕು. ಮನೆ ಕಟ್ತಿದಾರೆ ಅನ್ನಿಸುತ್ತೆ. ಎಲ್ಲಿ ನೋಡಿದರೂ ಕಟ್ಟೋದೇ ಕೆಲಸ ಜನಕ್ಕೆ. ರಾತ್ರಿಯೆಲ್ಲ ಕಟ್ತಾರೆ, ಮಲಗೋಕೂ ಬಿಡಲ್ಲ. ದಿಂಬಿನೊಳಗೂ ಅದೇ ಸದ್ದು.

ಸರಿ, ಮಾತು ಸಾಕು. ನನಗೆ ಹೊತ್ತಾಯ್ತು. ನಿನಗೆ ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ ತಾನೇ? ಒಂದು ಕೆಲಸ ಮಾಡು. ಕಾರಲ್ಲಿ ಹೋಗಿ ಕೂತ್ಕೋ. ನೀನೇ ಸ್ಟಾರ್ಟ್ ಮಾಡು, ನೀನೇ ಕೇಳು. ಟಕಟಕ ಅನ್ನುತ್ತಾ ಇಲ್ವಾ ಅಂತ ನೀನೇ ಹೇಳು. ಅನ್ನದಿದ್ದರೆ ಮರುಮಾತಿಲ್ಲದೆ ಐದು-ಮೂವತ್ತು ಹಾಕಬೇಕು. ಒಪ್ಪಂದ? ತಗೋ ಕೀ. ಹೋಗು.

ಕ್ಲಚ್ಚು ಒತ್ತಿ ಸ್ಟಾರ್ಟ್ ಮಾಡು! ...ಹ್ಹ, ಬಾಯಿಗೆ ಬಂದುಬಿಡುತ್ತೆ.

ಅಲ್ಲಿವರೆಗೂ ನಾನು ಡಬ್ಬಿ ನೋಡ್ತಿರ್ತೀನಿ. ಎಷ್ಟೊಂದು ಇಟ್ಟಿದೀಯ ಮಾರಾಯ! ಕೆಂಪು, ನೀಲಿ, ಚಿನ್ನದ ಬಣ್ಣ... ಇದೇನು? "ಹೆಚ್ಚು ಓಡಿದ ಹಳೆಯ ಇಂಜಿನ್‌ಗಳಿಗಾಗಿ." ಓಹೋ, ಮುದುಕರಿಗೆ ಅಂತಲೇ ಬೇರೆ ಎಣ್ಣೆ ಬಂದಿದೆಯಾ! ಒಣಗಿದ ರಬ್ಬರು ಮೆತ್ತಗಾಗುತ್ತಂತೆ, ಸೋರೋದು ನಿಲ್ಲುತ್ತಂತೆ, ಹೊಗೆ ಕಡಿಮೆಯಂತೆ... "ಇಂಜಿನ್ ಸದ್ದನ್ನು ತಗ್ಗಿಸುತ್ತದೆ." ನೋಡಿದೆಯಾ? ಇದೇ ಬೇಡ ಅನ್ನೋದು ನಾನು! ಇವರಿಗೆ ಯಾರು ಹೇಳಿದ್ದು, ವಯಸ್ಸಾದಮೇಲೆ ಸದ್ದು ಬೇಡ ಅಂತ? ಆಗಲೇ ಅಲ್ವಾ ಬೇಕಾಗೋದು? ಸದ್ದು ಜಾಸ್ತಿ ಮಾಡೋ ಎಣ್ಣೆ ಅಂತ ಒಂದು ಡಬ್ಬಿ ಇಲ್ಲ ಇಷ್ಟರಲ್ಲಿ. ಒಂದೇ ಒಂದು ಡಬ್ಬಿ...

ಏನಾಯ್ತಪ್ಪ? ಸ್ಟಾರ್ಟ್ ಮಾಡು ಅಂದ್ರೆ ಕೂತುಬಿಟ್ಟೆಯಲ್ಲ. ಕೀ ತಿರುಗಿಸಿದೆಯಾ? ಪೂರ್ತಿ ತಿರುಗಿಸಬೇಕು. ಬ್ಯಾಟರಿ ಸತ್ತಿದೆಯಾ? ಈಗ ತಾನೇ ಓಡಿಸ್ಕೊಂಡು ಬಂದೆನಲ್ಲ, ಸಾಯೋಕೆ ಹೇಗೆ ಸಾಧ್ಯ? ಇನ್ನೊಂದು ಸಲ ತಿರುಗಿಸಿ ನೋಡು. ಯಾಕೆ ಸುಮ್ಮನೆ ಗಾಜಿನ ಆಚೆಯಿಂದ ನನ್ನನ್ನೇ ನೋಡ್ತಾ ಕೂತಿದೀಯ? ನಾನೇನು ನಿನಗೆ ಪರೀಕ್ಷೆ ತಗೋತಿದೀನಾ?

ತಿರುಗಿಸು ಅಂದೆ! ಅಲ್ಲೇ ಕಲ್ಲಾದೆಯಾ? ನಿನ್ನ ಚಹಾ ಬೇರೆ ಆರಿಹೋಗ್ತಿದೆ ಬಾನೆಟ್ಟಿನ ಮೇಲೆ. ಕುಡಿದಾದರೂ...

...ಚಹಾ ಯಾಕೆ ನಡುಗ್ತಿದೆ?

ಲಾರಿ ಹೋಗ್ತಿರಬೇಕು ರಸ್ತೇಲಿ. ದೊಡ್ಡ ಲಾರಿ ಹೋದರೆ ನೆಲ ನಡುಗುತ್ತೆ. ಲೋಟದಲ್ಲಿ ಸುತ್ತು ಸುತ್ತು ಬಳೆ ಬಿದ್ದ ಹಾಗೆ... ಎಲ್ಲಿ, ರಸ್ತೆ... ರಸ್ತೇಲಿ ಏನೂ ಇಲ್ಲ. ಖಾಲಿ ಇದೆ. ನಾನು ನೋಡಿದಾಗೆಲ್ಲ ಖಾಲಿನೇ ಇರುತ್ತೆ, ಅಲ್ವಾ? ಆಮೇಲೆ ಬರುತ್ತೆ ಲಾರಿ.

ಇರು. ಇಳೀಬೇಡ. ಅಲ್ಲೇ ಕೂತಿರು. ನಾನೇ ಬರ್ತೀನಿ.

...

ಬಿಸಿ ಇದೆ ಬಾನೆಟ್ಟು. ಕೈಗೆ ಎಲ್ಲ ತಿಳೀತಿದೆ. ಓಡ್ತಿದೆ. ಚೆನ್ನಾಗೇ ಓಡ್ತಿದೆ ಪಾಪ, ಒಂದೂ ಏಟು ತಪ್ಪದೆ. ಎಷ್ಟು ಹೊತ್ತಾಯ್ತು ನೀನು ಸ್ಟಾರ್ಟ್ ಮಾಡಿ? ನಾನು ಆ ಡಬ್ಬಿ ಓದ್ತಿದ್ದಾಗಲೇನಾ?

ಟಕಟಕ ಅಂತಿದೆಯಾ? ನಿಜ ಹೇಳು. ಅಂತಿದೆ. ನಿನ್ನ ಮುಖದಲ್ಲೇ ಕಾಣ್ತಿದೆ. ಗಟ್ಟಿ ಎಣ್ಣೆ ಹಾಕಿದರೂ ಅಂತಾನೇ ಇದೆ. ಆ ಹೊಲಿಗೆ ಮಿಷನ್ನು ನಿಂತೇ ಇಲ್ಲ, ಅಲ್ವಾ? ಈಗಲೂ ಮೂರನೇ ಬೀದಿಯಿಂದಲೇ ಗೊತ್ತಾಗುತ್ತಾ ನಿಮಗೆಲ್ಲ, ಕ್ಲಚ್ಚಕ್ಕ ಬಂದಳು ಅಂತ?

ನಿನಗೆ ಮೊದಲೇ ಗೊತ್ತಿತ್ತಾ? ಹೊಲಿಗೆಯವರ ಸೊಸೆ ಹೇಳಿದ ಮೇಲಾ, ಅದಕ್ಕೂ ಮೊದಲಾ? ಆ ಹಾರನ್ನು ಹಾಕುವಾಗಲೇನಾ? ಗೊತ್ತಿದ್ದೂ ಎರಡು ಸಲ ಬದಲಾಯಿಸಿ ಕೊಟ್ಟೆಯಾ, ಬಾಯಿ ಮುಚ್ಕೊಂಡು?

ಆರಿಸು. ಸುಮ್ಮನೆ ಯಾಕೆ ಉರೀಬೇಕು. ...ಆರಿಸಿದೆಯಾ? ಹೇಳಬೇಡ, ಹೇಳಬೇಡ, ಕೈಗೆ ಗೊತ್ತಾಗುತ್ತೆ. ಹಾಂ. ನಿಂತಿತು.

ತಲೆಯೊಳಗಿನವನು ಮಾತ್ರ ಬಡೀತಾನೇ ಇದಾನೆ. ಅವನು ಅಂಗಡಿ ಮುಚ್ಚಲ್ಲ.

ಇರಲಿ ಬಿಡು. ಗಟ್ಟಿ ಎಣ್ಣೆನೇ ಇರಲಿ. ಹಳೇ ಇಂಜಿನ್ನಿಗೆ ಅದೇ ಸರಿ, ನೀನು ಹೇಳಿದ್ದೇ ಸರಿ. ಆ ಐದು-ಮೂವತ್ತು ಅಲ್ಲೇ ಇಟ್ಟುಬಿಡು. ಬೇರಿಂಗು ಯಾಕೆ ಹಾಳು ಮಾಡಬೇಕು, ಇಷ್ಟು ವರ್ಷ ದುಡಿದ ಇಂಜಿನ್ನಿಂದು. ಅದರ ತಪ್ಪೇನಿದೆ? ಅದು ಕೇಳ್ತಾನೇ ಇದೆ. ಎರಡನೇದು ಕೊಡು, ಮೂರನೇದು ಕೊಡು ಅಂತ, ದಿನಾ, ಬಾಯಿ ನೋಯೋ ಹಾಗೆ ಕೇಳ್ತಾನೇ ಇತ್ತು.

ಇಳಿದು ಬಾ. ಕೀ ಕೊಡು... ಅಥವಾ ನಿನ್ನ ಹತ್ತಿರವೇ ಇರಲಿ ಅಂತೀಯಾ? ಕೈ ಮುಚ್ಕೊಂಡು ಯಾಕೆ ನಿಂತಿದೀಯ? ಕೊಡು ಅಂದರೂ ಕೊಡಲ್ವಾ? ಸರಿ. ಸರಿಯಪ್ಪ.

ಒಂದೇ ಒಂದು ಮಾತು ಹೇಳು, ಆಮೇಲೆ ನಾನು ಹೋಗ್ತೀನಿ. ನಡ್ಕೊಂಡೇ ಹೋಗ್ತೀನಿ. ನಾಳೆ ಬೆಳಿಗ್ಗೆ... ನಿನ್ನ ಮಗಳನ್ನ ಕಳಿಸ್ತೀಯಾ? ಸೇತುವೆ ಕಡೆ ಬೇಡ. ದೊಡ್ಡ ರಸ್ತೇನೇ ಬೇಡ. ಮೈದಾನದಲ್ಲೇ. ನಾಲ್ಕು ಕಲ್ಲು ಇಟ್ಟು, ಮೊದಲನೇ ಗೇರಲ್ಲಿ. ನನ್ನ ಕಾಲು ಬ್ರೇಕಿನ ಮೇಲೇ ಇರುತ್ತೆ, ಕಾಲಿಗೇನೂ ಆಗಿಲ್ಲ. ಕಳಿಸ್ತೀಯ ತಾನೇ?

ಈ ಕಡೆ ತಿರುಗು. ಬೆಳಕಿಗೆ ಬಾ. ಗಟ್ಟಿಯಾಗಿ ಹೇಳಬೇಕಿಲ್ಲ ಕಣಪ್ಪ, ಗಟ್ಟಿಯಾಗಿ ಹೇಳಿದರೂ ಅಷ್ಟೇ. ತುಟಿ ಅಲ್ಲಾಡಿಸು, ಸಾಕು. ನಾನು ನೋಡ್ಕೋತೀನಿ. ಇಷ್ಟು ದಿನ ಎಲ್ಲರದ್ದೂ ನೋಡ್ಕೊಂಡೇ ಬಂದಿದೀನಿ.

ಮೀಸೆ ಅಡ್ಡ ಬರ್ತಿದೆ ಕಣೋ... ಏನಾದರೂ ಅಂದೆಯಾ?

ಏನೂ ಅನ್ನಲಿಲ್ಲ, ಅಲ್ವಾ.